ಪೊಟ್ಟಣಕ್ಕೆ ಬಾರದ ಅಮೆರಿಕದವರು

ಸಂತೋಷದ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನಾವಿರುವ ಶೋವ್ಡೆ ಊರಿನ ಲೈಬ್ರರಿ ಗೋಡೆಯ ಮೇಲೆ ನನ್ನ ಹೆಸರು ಬಂದಿದೆ. ಸ್ವೀಡನ್ನಿನವರ ಅಕ್ಷರದಲ್ಲಿ ಒಂದು ಸಲ, ಅದರ ಕೆಳಗೆ ಕನ್ನಡದಲ್ಲಿ ಒಂದು ಸಲ. ‘ರತ್ನ, ಹನ್ನೆರಡು ವರ್ಷ’ ಅಂತ. ನನಗೀಗ ಐವತ್ತೆಂಟು, ಆದರೂ ಬರೆದದ್ದು ತಪ್ಪಲ್ಲ. ಬರೆದವಳು ಮೊಮ್ಮಗಳು ಇಂಚರ, ಹತ್ತು ವರ್ಷದವಳು. ಕನ್ನಡದ ‘ತ್ನ’ ಬರೆಯುವಾಗ ಒತ್ತು ಎಲ್ಲಿ ಹಾಕೋದು ಅಂತ ಮೂರು ಸಲ ಕೇಳಿದಳು. ಮೂರು ಸಲ ಹೇಳಿದೆ. ಇನ್ನೂ ಮೂವತ್ತು ಸಲ ಕೇಳಿದ್ದರೂ ಹೇಳುತ್ತಿದ್ದೆ. ಎದೆಯೊಳಗೆ ಹಾಲು ಉಕ್ಕಿದ ಹಾಗಿದೆ, ಒಲೆ ಸಣ್ಣ ಮಾಡಿದರೂ ಇಳಿಯುತ್ತಿಲ್ಲ.

ಈ ಹೆಸರು ಗೋಡೆಗೆ ಬರೋದಕ್ಕೆ ನಲವತ್ತಾರು ವರ್ಷ ಯಾಕೆ ಹಿಡಿಯಿತು ಅನ್ನೋದೇ ಈಗ ಹೇಳಬೇಕಾದ ಮಾತು.

ಆಗೆಲ್ಲ ಅರಸೀಕೆರೆಯಲ್ಲಿ ಹೊತ್ತು ತಿಳಿಯೋಕೆ ಗಡಿಯಾರ ಬೇಕಿರಲಿಲ್ಲ, ರೈಲು ಸಾಕಿತ್ತು. ಯಾವ ಗಾಡಿ ಕೂಗಿದರೆ ಸ್ಕೂಲಿಗೆ ಹೊರಡಬೇಕು, ಯಾವುದು ಕೂಗಿದರೆ ಕುಂಟೆಬಿಲ್ಲೆ ಬಿಟ್ಟು ಮನೆಗೆ ಓಡಬೇಕು ಅಂತ ಬೀದಿ ಮಕ್ಕಳಿಗೆಲ್ಲ ಗೊತ್ತಿತ್ತು. ಅಪ್ಪ ಸ್ಟೇಷನ್ನಿನಲ್ಲಿ ಹುರಿದ ಕಡ್ಲೆಕಾಯಿ ಮಾರುತ್ತಿದ್ದರು. ಬಿಸಿ ಮರಳಿನಲ್ಲಿ ಕಾಯಿ ಹುರಿಯುವ ವಾಸನೆ, ಅದರ ಪಕ್ಕದಲ್ಲೇ ಅವ್ವ ಮೈದಾ ಅಂಟು ಕುದಿಸುವ ವಾಸನೆ. ಇವೆರಡೂ ಸೇರಿದ್ದೇ ನಮ್ಮ ಮನೆ. ಹಳೇ ಪೇಪರಿನಿಂದ ಪೊಟ್ಟಣ ಅಂಟಿಸೋದು ಅವ್ವನ ಕೆಲಸ, ನನ್ನ ಕೆಲಸ. ಅಪ್ಪನ ಬುಟ್ಟಿಗೂ ಕೊಡುತ್ತಿದ್ದೆವು, ಪೇಟೆಯ ಅಂಗಡಿಗಳಿಗೂ ಕೊಡುತ್ತಿದ್ದೆವು.

ಪೊಟ್ಟಣ ಮಾಡುವವರು ಕತ್ತರಿ ಮುಟ್ಟೋದಿಲ್ಲ. ಮಡಿಸಿದ ಪೇಪರಿನ ಮೇಲೆ ಬಿದಿರಿನ ದಬ್ಬೆ ಒತ್ತಿ ಹಿಡಿದು ಒಂದೇ ಎಳೆತಕ್ಕೆ ಹರಿಯೋದು. ಹಾಗೆ ಹರಿದ ಅಂಚು ನೇರವಾಗಿದ್ದರೂ ತುದಿಯಲ್ಲಿ ಎಳೆ ಎಳೆಯಾಗಿ ನವಿರೆದ್ದಿರುತ್ತದೆ. ಅಂಟನ್ನು ಆ ಎಳೆಗಳೇ ಗಟ್ಟಿಯಾಗಿ ಹಿಡಿಯೋದು. ಇಲಿ, ಹುಳ ಬಾರದಿರಲಿ ಅಂತ ಅಂಗಡಿಯವರ ನೋಟೀಸು ಅಂಟಿಸುವ ಅಂಟಿಗೆ ಮಾತ್ರ ಚಿಟಿಕೆ ಮೈಲುತುತ್ತ. ತಿನ್ನುವ ಪದಾರ್ಥದ ಪೊಟ್ಟಣಕ್ಕೆ ಅದು ಕೂಡದು. ತಪ್ಪಿ ಹಾಕಿದರೆ ಅವ್ವನ ಕೈ ಬೆನ್ನಿಗೆ ಬೀಳುತ್ತಿತ್ತು.

ತೂಕಕ್ಕೆ ಬರುವ ರದ್ದಿಯೊಳಗೆ ವಕೀಲರ ಮನೆಯ ನುಣುಪು ಪುಸ್ತಕಗಳೂ ಬರುತ್ತಿದ್ದವು. ಅವು ಅಮೆರಿಕದಿಂದ ಅವರಿಗೆ ಪುಕ್ಕಟೆ ಬರುತ್ತಿದ್ದವಂತೆ. ಹಾಳೆ ಹೊಳೆಯೋದು, ಕೈಯಲ್ಲಿ ಜಾರೋದು, ಅಂಟು ಒಣಗಿದ ಮೇಲೆ ಬಿಟ್ಟುಕೊಳ್ಳೋದು. ಅಪ್ಪ ಒಂದು ಸಲ ಅದರಲ್ಲೇ ಕಾಯಿ ಕೊಟ್ಟಾಗ ತಳ ಬಿಚ್ಚಿ ಪ್ಯಾಸೆಂಜರ್ ಒಬ್ಬರ ಪಂಚೆ ತುಂಬಾ ಕಡ್ಲೆಕಾಯಿ ಚೆಲ್ಲಿತ್ತು.

“ಈ ಅಮೆರಿಕದವರು ಪೊಟ್ಟಣಕ್ಕೆ ಬರಲ್ಲ, ಒಲೆಗೆ ಹಾಕು” ಅಂದರು ಅವ್ವ.

ನಾನು ಒಲೆಗೆ ಹಾಕಲಿಲ್ಲ. ಚಿತ್ರಗಳನ್ನು ದಬ್ಬೆ ಒತ್ತಿ ಹರಿದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಇಂಗ್ಲಿಷ್ ಪೇಪರಿನಲ್ಲಿ ಬಂದವರನ್ನೂ ಸೇರಿಸಿದೆ. ಓದೋಕೆ ಬರುತ್ತಿರಲಿಲ್ಲ, ಅದಕ್ಕೆ ಟೀಚರನ್ನೋ ಕಾಫಿ ಹೋಟೆಲಿನವರನ್ನೋ ಕೇಳಿ ಒಬ್ಬೊಬ್ಬರಿಗೆ ನಾನೇ ಹೆಸರಿಟ್ಟೆ. ದೀಪದ ತಾತ. ಬೆರಳಿನಲ್ಲಿ ಓದುವ ಅಮ್ಮ. ಗುಂಡಿಗೆ ಬಲಿಯಾದ ಅಧ್ಯಕ್ಷರು. ಕರಿಯರಿಗಾಗಿ ನಡೆದೂ ನಡೆದೂ ಕೊನೆಗೆ ಹಾಗೇ ಗುಂಡೇಟಿಗೆ ಹೋದ ಪಾದ್ರಿ. ಆ ವರ್ಷ ಚಂದ್ರನ ಮೇಲೆ ಮನುಷ್ಯ ಇಳಿದಿದ್ದ, ಹಾಗಾಗಿ ಚಂದ್ರನ ಮೂವರು. ಇವರ ಜೊತೆಗೆ ಒಬ್ಬ ನಗುಮುಖದವನು, ಬಿಳೀ ಟವೆಲ್ಲು ಹೆಗಲಿಗೆ ಹಾಕಿದವನು. ಯಾರು ಅಂತ ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ಚೆನ್ನಾಗಿ ನಗುವವನು ಏನೋ ದೊಡ್ಡದು ಮಾಡಿರಲೇಬೇಕು ಅಂತ ಅವನಿಗೆ ಪೂರಾ ಒಂದು ಹಾಳೆ ಕೊಟ್ಟೆ.

ಹಳೇ ಕ್ಯಾಲೆಂಡರುಗಳ ಬೆನ್ನಿನ ರಟ್ಟು ಜೋಡಿಸಿ, ಗೋಣಿದಾರದಲ್ಲಿ ಹೊಲಿದೆ. ನುಣುಪು ಹಾಳೆ ನಿಲ್ಲೋದಕ್ಕೆ ಮಾತ್ರ ಎರಡು ತಿಂಗಳು ಒದ್ದಾಡಿದೆ. ಕೊನೆಗೆ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಮೈದಾ ಅಂಟಿನ ಜೊತೆ ಕುದಿಸಿದೆ. ಅದಕ್ಕೆ ಮೈಲುತುತ್ತ ಹಾಕಿದೆ. ಹಿಡಿಯಿತು ನೋಡಿ. ಅವ್ವ ಬಂದು ಉಗುರಲ್ಲಿ ಕೆರೆದು ನೋಡಿ, “ಇದು ಚರ್ಮ ಸುಲಿದರೂ ಬರಲ್ಲ ಕಣೇ” ಅಂದರು.

ಆಗಲೇ ಊರಿನ ಎಲ್ಲಾ ಸ್ಕೂಲುಗಳಿಗೂ ಸೇರಿಸಿ ಗಂಡುಮಕ್ಕಳ ಹೈಸ್ಕೂಲಿನಲ್ಲಿ ವಸ್ತುಪ್ರದರ್ಶನ ಅಂತ ಸುದ್ದಿ ಬಂತು. ನಾನು ಏಳನೇ ಕ್ಲಾಸು ಮುಗಿಸುವುದರಲ್ಲಿದ್ದೆ. ಮುಂದಕ್ಕೆ ಓದಿಸಿ ಅಂತ ಟೀಚರಮ್ಮ ಮನೆಗೆ ಬಂದು ಹೇಳಿದ್ದರು. ಅಪ್ಪ ಪುಸ್ತಕ ತಿರುಗಿಸಿ ನೋಡಿ, ಚಂದ್ರನ ಮೂವರ ಹತ್ತಿರ ಸ್ವಲ್ಪ ನಿಂತು ಹೇಳಿದರು: “ಬಹುಮಾನ ತಗೊಂಡು ಬಾ, ಹೈಸ್ಕೂಲಿಗೆ ಕಳಿಸ್ತೀನಿ. ಇಲ್ಲಾಂದ್ರೆ ಅವ್ವನ ಜೊತೆ ಕೂತ್ಕೊ.”

ಅಣ್ಣ ಶಂಕರ ಪ್ರದರ್ಶನ ನಡೆಯುವ ಆ ಹೈಸ್ಕೂಲಿನಲ್ಲೇ ಇದ್ದ, ನನಗಿಂತ ಮೂರು ವರ್ಷ ದೊಡ್ಡವನು. ಒಂಬತ್ತನೇ ಕ್ಲಾಸಿನಲ್ಲಿ ಒಂದು ಸಲ ಡುಮ್ಕಿ ಹೊಡೆದಿದ್ದ. ಇನ್ನೊಂದು ಸಲ ಹೊಡೆದರೆ ಬುಟ್ಟಿ ಹೊರಿಸಿ ಪ್ಲಾಟ್‌ಫಾರಮ್ಮಿಗೆ ನಿಲ್ಲಿಸ್ತೀನಿ ಅಂತ ಅಪ್ಪ ಅವನಿಗೂ ಹೇಳಿದ್ದರು.

“ಕೊಡು ಇಲ್ಲಿ, ನಾನೇ ಕೊಟ್ಟುಬರ್ತೀನಿ” ಅಂದ ಅಣ್ಣ. “ನೀನು ತಂದರೆ ಬಾಗಿಲ ಹತ್ರದ ಮೂಲೆ ಮೇಜಲ್ಲಿ ಇಡಿಸ್ತಾರೆ. ನಾನು ನಡುಮಧ್ಯೆ ಇಡಿಸ್ತೀನಿ ಕಣೇ.”

ಕೊಟ್ಟೆ. ಎರಡೂ ಕೈಯಲ್ಲಿ ಕೊಟ್ಟೆ.

ಬಹುಮಾನದ ದಿವಸ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಎರಡನೇ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ನಮ್ಮ ಕಡೆ ಕೋಳಿ ಸಾಕೋದು ಹೇಳಿಕೊಡೋಕೆ ಅಂತ ಬಂದಿದ್ದ ಒಬ್ಬ ಅಮೆರಿಕದ ಹುಡುಗ ಬಹುಮಾನ ಕೊಡೋಕೆ ಬಂದಿದ್ದ. ಬಿಸಿಲಿಗೆ ಮೂಗು ಕೆಂಪಾಗಿತ್ತು. ನನ್ನ ಪುಸ್ತಕ ಮೇಜಿನ ನಡುಮಧ್ಯೆಯೇ ಇತ್ತು. ಅಣ್ಣ ಅಷ್ಟು ಮಾತು ಉಳಿಸಿಕೊಂಡಿದ್ದ. ಹೆಡ್‌ಮಾಸ್ಟರು ಮೊದಲನೇ ಬಹುಮಾನ ಅಂತ ಆ ಪುಸ್ತಕ ಎತ್ತಿದಾಗ ನಾನು ಅರ್ಧ ಎದ್ದುಬಿಟ್ಟಿದ್ದೆ. ಅವರು ಕೂಗಿದ ಹೆಸರು ಅಣ್ಣನದು.

ಅಣ್ಣ ಮೇಲೆ ಹೋದ. ಪುಸ್ತಕ ತೆರೆದರೆ ನಾನು ಹೆಸರು ಬರೆದಿದ್ದ ಮೊದಲನೇ ಹಾಳೆ ಇರಲಿಲ್ಲ. ಅಮೆರಿಕದ ಹುಡುಗ ಪುಸ್ತಕ ತಿರುವುತ್ತಾ ಟವೆಲ್ಲಿನವನ ಹತ್ತಿರ ಬಂದು ನಗೋಕೆ ಶುರು ಮಾಡಿದ.

“ಇವರು ಯಾರು?” ಅಂತ ಕನ್ನಡದಲ್ಲೇ ಕೇಳಿದ.

“ನಿಮ್ಮ ದೊಡ್ಡ ಲೀಡರು ಸಾರ್” ಅಂದ ಅಣ್ಣ.

ಆ ಹುಡುಗ ಅಣ್ಣನ ಬೆನ್ನು ತಟ್ಟಿ ಬಹುಮಾನದ ಪೆನ್ನು ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕಕ್ಕೆ ತಿರುಗಿದರೆ ಅವ್ವನೂ ತಟ್ಟುತ್ತಿದ್ದರು.

ಮನೆಗೆ ಬಂದು ಅಪ್ಪನ ಮುಂದೆ ನಿಂತೆ. ಬೆರಳಿನ ಸಂದಿಯಲ್ಲಿ ಇನ್ನೂ ಮೈಲುತುತ್ತದ ಹಸಿರು ಇತ್ತು, ಕೈ ತೋರಿಸಿದೆ. ಅಪ್ಪನಿಗೆ ಗೊತ್ತಿಲ್ಲದ್ದಲ್ಲ. ಎರಡು ತಿಂಗಳು ನಾನು ಅಂಟು ಕುದಿಸಿದ್ದು ಅವರು ಕಾಯಿ ಹುರಿದ ಒಲೆಯಲ್ಲೇ.

“ಯಾರ ಹೆಸರಾದ್ರೇನಮ್ಮ” ಅಂದರು ಅಪ್ಪ. “ಮನೆಗೇ ಬಂತಲ್ಲ.”

ಅಣ್ಣ ಹೊಸ್ತಿಲ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ನನ್ನ ಮುಖ ನೋಡಲಿಲ್ಲ. “ಮುಂದಿನ ವರ್ಷ ಇನ್ನೊಂದು ಮಾಡು” ಅಂದ. ಮುಂದಿನ ವರ್ಷ ನಾನು ಯಾವ ಸ್ಕೂಲಿನಲ್ಲಿರುತ್ತೇನೆ ಅಂತ ಅವನೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಗೆಳತಿಯರು ಹೈಸ್ಕೂಲಿಗೆ ನಡೆದರು. ನಾನು ದಬ್ಬೆ ಹಿಡಿದು ಕೂತೆ. ಅಣ್ಣ ಓದಿದ, ರೈಲ್ವೆಯಲ್ಲಿ ಕೆಲಸ ಹಿಡಿದ, ನನ್ನ ಮದುವೆಯಲ್ಲಿ ಓಡಾಡಿದ. ಕೆಟ್ಟವನು ಅಂತ ನಾನು ಹೇಳಲಾರೆ. ಹಬ್ಬಕ್ಕೆ ತಪ್ಪದೆ ಸೀರೆ ತಂದುಕೊಟ್ಟ. ಒಂದೊಂದು ಸೀರೆ ಉಡುವಾಗಲೂ ಆ ಪೆನ್ನು ನೆನಪಾಗುತ್ತಿತ್ತು.

ಈಗ ಮಗ ಮಂಜು ಈ ಶೋವ್ಡೆಯ ಎಂಜಿನ್ ಫ್ಯಾಕ್ಟರಿಯಲ್ಲಿ ಇಂಜಿನಿಯರು. ನಾನು ಅವನ ಜೊತೆ ಇರುತ್ತೇನೆ. ಅಣ್ಣ ರಿಟೈರಾದ ಮೇಲೆ ಈ ಏಪ್ರಿಲ್‌ನಲ್ಲಿ ನಮ್ಮನ್ನು ನೋಡೋಕೆ ಬಂದ. ಸೂಟ್‌ಕೇಸಿನಿಂದ ಚಕ್ಕುಲಿ, ಹುಣಸೆಹಣ್ಣು ಎಲ್ಲಾ ತೆಗೆದು, ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪುಸ್ತಕ ತೆಗೆದ. ಇಂಚರಳ ಕ್ಲಾಸಿನಲ್ಲಿ ಹಳೇ ಫೋಟೋಗಳಲ್ಲಿ ಅಮೆರಿಕ ಅನ್ನೋ ಪಾಠ ನಡೆಯುತ್ತಿದೆ ಅಂತ ಫೋನಿನಲ್ಲಿ ಕೇಳಿದ್ದನಂತೆ.

“ತಗೋ ಪುಟ್ಟಿ. ತಾತ ಚಿಕ್ಕವನಿದ್ದಾಗ ಮಾಡಿದ್ದು.”

ನಾನು ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಕಾವಲಿ ಮೇಲಿನದು ಸೀದುಹೋಯಿತು. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ಅನ್ನಿಸಿದ್ದರೆ ವಾಸಿಯಿತ್ತು. ಅವನ ದನಿಯಲ್ಲಿ ಸುಳ್ಳೇ ಇರಲಿಲ್ಲ. ಅಷ್ಟು ವರ್ಷ ಇಟ್ಟುಕೊಂಡು ಅವನಿಗೇ ಅದು ತನ್ನದಾಗಿಬಿಟ್ಟಿತ್ತು. ಮೊದಲನೇ ಸಲಕ್ಕಿಂತ ಅದು ಹೆಚ್ಚು ನೋಯಿತು.

ಇಂಚರ ಟವೆಲ್ಲಿನವನ ಕೆಳಗಿನ ಇಂಗ್ಲಿಷ್ ಓದಿ ಬಿದ್ದು ಬಿದ್ದು ನಕ್ಕಳು. “ತಾತ, ಇದು ಶೇವಿಂಗ್ ಸೋಪಿನ ಅಡ್ವರ್ಟೈಸ್‌ಮೆಂಟು. ಇವನನ್ನ ಯಾಕೆ ಅಂಟಿಸಿದೆ?”

ಅಣ್ಣ ತಲೆ ಕೆರೆದುಕೊಂಡ. “ಏನೋ, ತಮಾಷೆಗೆ.”

“ಅವನು ಚೆನ್ನಾಗಿ ನಗ್ತಿದ್ದ, ಅದಕ್ಕೆ” ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಇಂಚರ ನನ್ನ ಕಡೆ ಒಂದು ಸಲ ನೋಡಿದಳು.

ಮಕ್ಕಳು ತಂದದ್ದನ್ನೆಲ್ಲ ಲೈಬ್ರರಿಯಲ್ಲಿ ಇಡುವ ಮುಂಚೆ ಈಗಿನ ಕಾಲದ ಒಂದು ಹಾಳೆ ಸೇರಿಸಬೇಕು ಅಂತ ಅವಳ ಟೀಚರ್ ಹೇಳಿದ್ದರು. ಟೀಚರನ್ನ ಇಲ್ಲಿ ಮಕ್ಕಳೆಲ್ಲ ಹೆಸರು ಹಿಡಿದೇ ಕರೆಯೋದು, ನನಗಿನ್ನೂ ಕಿವಿ ಒಗ್ಗಿಲ್ಲ. ಇಂಚರ ಈಗಿನ ಅಮೆರಿಕದ ಅಧ್ಯಕ್ಷರ ಚಿತ್ರವಿದ್ದ ನುಣುಪು ಪುಸ್ತಕ ತಂದಳು. ಭಾನುವಾರ ಮಧ್ಯಾಹ್ನ ತಾತ, ಮೊಮ್ಮಗಳು ಮೇಜಿಗೆ ಕೂತರು. ಅಣ್ಣ ಕತ್ತರಿಯಲ್ಲಿ ಕತ್ತರಿಸಿದ, ಇಂಚರಳ ಗ್ಲೂಸ್ಟಿಕ್ ಹಚ್ಚಿದ. ಕ್ಯಾಲೆಂಡರಿನ ಹಳೇ ರಟ್ಟಿಗೆ ಅದು ಹಿಡಿಯಲಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳೋದು.

“ತಾತ, ಆಗ ಹೇಗೆ ಅಂಟಿಸಿದ್ದೆ?”

“ಏನೋ... ಅಂಗಡಿ ಗೋಂದು.”

ನನ್ನ ಕೈ ಸುಮ್ಮನಿರಲಿಲ್ಲ. ಸೊಸೆ ಸುಮಾಳ ಡಬ್ಬಿಯ ಹುಣಸೆಹಣ್ಣಿನಿಂದ ಬೀಜ ಆರಿಸಿದೆ, ಹುರಿದೆ, ಕುಟ್ಟಿದೆ. ಮೈದಾ ಜೊತೆ ಕುದಿಸಿದೆ. “ಅತ್ತೆ, ಇದು ಯಾವ ಸಾರು?” ಅಂದಳು ಸುಮಾ. ಇಂಚರಳ ಮರದ ಸ್ಕೇಲು ಇಸಕೊಂಡು, ಅದೇ ಅಧ್ಯಕ್ಷರ ಇನ್ನೊಂದು ಚಿತ್ರ ಮಡಿಸಿ, ಒಂದೇ ಎಳೆತಕ್ಕೆ ಹರಿದೆ. ಅಂಟಿಸಿದೆ. ಕೂತಿತು.

ಇಂಚರ ಹಳೇ ಹಾಳೆ, ಹೊಸ ಹಾಳೆ ಎರಡೂ ಕಿಟಕಿ ಬೆಳಕಿಗೆ ಹಿಡಿದಳು. ಎರಡರ ಅಂಚಲ್ಲೂ ಅದೇ ನವಿರು. ಬೆರಳಲ್ಲಿ ಸವರಿದಳು. ತಾತನ ಕತ್ತರಿಯ ಚಿತ್ರ ಪಕ್ಕದಲ್ಲೇ ಬಿದ್ದಿತ್ತು.

“ಅಜ್ಜಿ” ಅಂದಳು ಮೆಲ್ಲಗೆ, “ಇದು ನೀನು.”

ನಾನು ಒಲೆ ಒರೆಸುತ್ತಿದ್ದೆ. “ಹೂಂ” ಅಂದೆ. ನಲವತ್ತಾರು ವರ್ಷದ ಮಾತು ಒಂದೇ ಅಕ್ಷರದಲ್ಲಿ ಮುಗಿಯಿತು. ಅಣ್ಣ ಎದ್ದು ಬಾಲ್ಕನಿಗೆ ಹೋದ. ಹೊರಗೆ ಚಳಿ, ಜಾಕೆಟ್ ಹಾಕಿಕೊಳ್ಳದೆ ಬಹಳ ಹೊತ್ತು ನಿಂತಿದ್ದ.

“ಆಗ ನಿನಗೆಷ್ಟು ವಯಸ್ಸು?” ಅಂತ ಮಾತ್ರ ಕೇಳಿದಳು ಇಂಚರ. ಇಲ್ಲಿ ಮಕ್ಕಳು ಮಾಡಿದ್ದನ್ನು ಗೋಡೆಗೆ ಹಾಕುವಾಗ ಹೆಸರಿನ ಜೊತೆ ವಯಸ್ಸು ಬರೆಯೋದು ಪದ್ಧತಿ.

ಇವತ್ತು ಎಲ್ಲರೂ ಲೈಬ್ರರಿಗೆ ಹೋಗಿದ್ದೆವು. ಕಾಫಿ, ದಾಲ್ಚಿನ್ನಿ ಬನ್ನು ಕೊಟ್ಟರು. ಟವೆಲ್ಲಿನವನ ಮುಂದೆ ಎಲ್ಲಾ ಮಕ್ಕಳೂ ನಿಂತು ನಕ್ಕರು, ನಾನೂ ನಕ್ಕೆ. ಅಣ್ಣ ಕನ್ನಡಕ ಏರಿಸಿ ನನ್ನ ಹೆಸರಿದ್ದ ಕಾರ್ಡು ಓದಿದ. ವಾಪಸು ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, “ಮನೆಗೇ ಬಂತಲ್ಲ ಅಂದಿದ್ರು ಅಪ್ಪ” ಅಂದ.

“ಮನೆಗೆ ಬಂತು ಅಣ್ಣ” ಅಂದೆ. “ನನಗೆ ಬರಲಿಲ್ಲ.”

ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

ಆ ಪುಸ್ತಕದಲ್ಲಿ ಒಂದು ಚಿತ್ರವೂ ಬಿಟ್ಟುಕೊಂಡಿಲ್ಲ. ಬಣ್ಣ ಮಾಸಿದೆ, ಅಂಟಿನ ಹಸಿರು ಅಂಚಲ್ಲಿ ಹಾಗೇ ಇದೆ. ಹೈಸ್ಕೂಲಿನ ಮೂರು ವರ್ಷ, ಆಮೇಲಿನದು ಏನೇನಿತ್ತೋ ಅದು, ಅಣ್ಣನಿಗೆ ಎರಡೂ ಕೈಯಲ್ಲಿ ಕೊಡುತ್ತಿದ್ದ ಆ ಹುಡುಗಿ, ಇವಕ್ಕೆ ಅಂಟು ಕುದಿಸೋದು ನನಗೆ ಗೊತ್ತಿಲ್ಲ. ಗೋಡೆ ಮೇಲಿನ ಸ್ವೀಡಿಷ್ ಸಾಲುಗಳನ್ನ ನಾನು ಓದಲಾರೆ. ನನ್ನ ಬಗ್ಗೆ ಬರೆದದ್ದನ್ನೂ ಮೊಮ್ಮಗಳೇ ಓದಿ ಹೇಳಬೇಕು.

ಸಂಜೆ ಮುದ್ದೆ, ಅವರೆಕಾಳು ಸಾರು ಮಾಡಿದೆ. ಐವರೂ ಒಟ್ಟಿಗೆ ಕೂತೆವು. ಇಂಚರ ಮುದ್ದೆಗೆ ಫೋರ್ಕ್ ಚುಚ್ಚಿದಳು. “ಅದಕ್ಕೆ ಇಂಜೆಕ್ಷನ್ ಕೊಡ್ತಿದ್ದೀಯೇನೇ?” ಅಂದ ಮಂಜು. ಅಣ್ಣ ಮಾತ್ರ ಮುದ್ದೆ ಮುರಿದು ಹಾಗೇ ಹಿಡಿದಿದ್ದ.

“ಪುಟ್ಟಿ” ಅಂದ, ತಟ್ಟೆ ನೋಡುತ್ತಾ. “ಆ ಪುಸ್ತಕ ನಿಮ್ಮಜ್ಜಿ ಮಾಡಿದ್ದು ಕಣಮ್ಮ.”

“ಗೊತ್ತು ತಾತ” ಅಂದಳು ಇಂಚರ. “ಕಾರ್ಡ್ ಬರೆದಿದ್ದೇ ನಾನು.”

ಸುಮಾಗೆ ನಗು ತಡೆಯೋಕಾಗಲಿಲ್ಲ, ಮಂಜುಗೂ. ಆಮೇಲೆ ಅಣ್ಣನೂ ನಕ್ಕ, ಕಣ್ಣು ಒರೆಸಿಕೊಂಡು. ನಾನು ಸೌಟು ತಗೊಂಡು ಅವನ ತಟ್ಟೆಗೆ ಇನ್ನೊಂದು ಸಲ ಸಾರು ಹುಯ್ದೆ. ಉಪ್ಪು ಸರಿಯಾಗಿದೆಯಾ ಅಂತ ಎಲ್ಲರನ್ನೂ ಕೇಳಿದೆ. ಸರಿಯಾಗಿತ್ತಂತೆ. ಊಟ ಮಾಡಿದೆವು.