ಮಾರುತಿಯ ಜಾಗದಲ್ಲಿ ಮೂರು ದಿನ

ನಾನು ಕಲಬುರ್ಗಿಯಿಂದ ಬೀದರಿಗೆ ಹೊರಟದ್ದು ಮೇ ತಿಂಗಳಲ್ಲಿ, ಬುದ್ಧಪೂರ್ಣಿಮೆಗೆ ಎರಡು ದಿನ ಮೊದಲು, ಬೆಳಗಿನ ಆರೂವರೆಯ ಬಸ್ಸಿಗೆ. ನೂರ ಹತ್ತು ಕಿಲೋಮೀಟರಿನ ದಾರಿ. ಹುಮನಾಬಾದಿನಲ್ಲಿ ಚಹಾಕ್ಕೆಂದು ನಿಂತದ್ದೂ ಸೇರಿ ಮೂರು ತಾಸು ಹಿಡಿಯಿತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ರಸ್ತೆಯ ಎರಡೂ ಬದಿಗೆ ಹೊಲಗಳು ಬಿರುಕುಬಿಟ್ಟು ಬಿದ್ದಿದ್ದವು, ಎದುರಿಗೆ ಬರುತ್ತಿದ್ದ ಗಾಡಿಗಳಲ್ಲಿ ಅರ್ಧಕ್ಕರ್ಧ ನೀರಿನ ಟ್ಯಾಂಕರುಗಳು. ನನ್ನ ಚೀಲದಲ್ಲಿ ಮೂರು ಚೂಡಿದಾರ, ಒಂದು ಡಬ್ಬಿ ಶೇಂಗಾ ಚಟ್ನಿ ಮತ್ತು ಇಪ್ಪತ್ತು ವರ್ಷದಿಂದ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಜೊತೆ ಡ್ರಮ್ಮಿನ ಕಡ್ಡಿ ಇದ್ದವು.

ನಾನು ತಬಲಾ ಕಲಿಸುವವಳು. ವಯಸ್ಸು ನಲವತ್ತೇಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು, ಅದು ಸುಳ್ಳೂ ಅಲ್ಲ. ಮದುವೆಗೆ ಮೊದಲು ಆರು ವರ್ಷ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸಿದ್ದೆ. ಅದನ್ನು ನೆನಪಿಟ್ಟುಕೊಂಡವನು ಸಿದ್ಧಾರ್ಥ ಒಬ್ಬನೇ. ಕಲಬುರ್ಗಿಯಲ್ಲಿ ಓದುವಾಗ ಎರಡು ವರ್ಷ ನನ್ನ ಹತ್ತಿರ ತಬಲಾ ಕಲಿತ ಹುಡುಗ, ಈಗ ಕಮಠಾಣದಲ್ಲಿ ಸಾಲಿ ಮಾಸ್ತರ. ಗಿಟಾರ್ ಬಾರಿಸಿ ಹಾಡುತ್ತಾನೆ. ಅವನದೊಂದು ಮೂವರ ರಾಕ್ ಬ್ಯಾಂಡ್ ಇದೆ, ಡ್ರಮ್ಮಿಗೆ ಮಾರುತಿ ಎಂಬವನಿದ್ದ. ಬರ ಬಿದ್ದು ಊರಲ್ಲಿ ಕೆಲಸವಿಲ್ಲದಂತಾಗಿ ಆ ಮಾರುತಿ ಜನವರಿಯಲ್ಲಿ ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗಿಬಿಟ್ಟಿದ್ದ. ಬೀದರ್, ಭಾಲ್ಕಿ, ಔರಾದ್ ಹೀಗೆ ಮೂರು ಕಡೆ ಕಾರ್ಯಕ್ರಮ ಒಪ್ಪಿಕೊಂಡು ಕೂತಿದ್ದ ಸಿದ್ಧಾರ್ಥ ನನಗೆ ಫೋನ್ ಮಾಡಿದ. ಮೊದಲೆರಡು ಊರಿಗೆ ನೀವು ಬನ್ನಿ ಎಂದ. ಔರಾದಿಗೆ ನಾನೇ ಬರುತ್ತೇನೆ, ಅಲ್ಲಿಯವರೆಗೆ ನನ್ನ ಜಾಗ ಇಡಿರಿ ಎಂದು ಮಾರುತಿ ತನ್ನಿಂದ ಮಾತು ತೆಗೆದುಕೊಂಡಿದ್ದಾನೆ ಎಂದ. ಅವನು ಬರದಿದ್ದರೆ, ಅಥವಾ ಬಂದೂ ಅವನಿಂದ ಆಗದಿದ್ದರೆ, ಬೇರೆಯವರನ್ನು ಕಾಯಂ ತೆಗೆದುಕೊಳ್ಳಬೇಕಾಗುತ್ತದೆ ಎಂದೂ ಹೇಳಿದ. ಮಾರುತಿಗೂ ಅದು ಗೊತ್ತಿತ್ತು.

ನನಗೇನೂ ಅಳುಕಿರಲಿಲ್ಲ. ಜೀವನವಿಡೀ ಮೂವರಲ್ಲಿ ಒಬ್ಬಳಾಗಿ ಕೂತವಳು ನಾನು. ಹಾಡುವವರು ಒಬ್ಬರು, ಹಾರ್ಮೋನಿಯಂ ಒಬ್ಬರು, ತಬಲಾಕ್ಕೆ ನಾನು. ಮೂವರೆಂದರೆ ಮೂವರಪ್ಪಾ, ಅದರಲ್ಲೇನು ಬೇರೆ ಎಂದು ಫೋನಿನಲ್ಲೇ ಅವನನ್ನು ಗದರಿದ್ದೆ.

ತಾಲೀಮು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿತ್ತು, ತೊಗರಿ ಗೋದಾಮಿನ ಮೇಲಿನ ಒಂದು ಕೋಣೆಯಲ್ಲಿ. ಕೆಳಗೆ ಹಮಾಲರು ಲಾರಿಯಿಂದ ಚೀಲ ಇಳಿಸುತ್ತಿದ್ದರು. ಬ್ಯಾಳಿಯ ಧೂಳಿಗೆ ನಾನು ಹತ್ತು ಸಲ ಸೀನಿದೆ. ಬ್ಯಾಂಡಿನ ಇನ್ನೊಬ್ಬನನ್ನು ಅಲ್ಲೇ ಮೊದಲು ಕಂಡದ್ದು: ಬೀರಣ್ಣ. ಡಾಬಕಾ ಊರಿನವನು, ಕುರಿ ಸಾಕುವ ಮನೆತನ, ಗಂಜಿನಲ್ಲಿ ತೂಕದ ಕೆಲಸ. ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಎರಡು ತಾಸು ನಿಂತರೂ ಅವನ ಬಾಯಿಂದ ಬಂದ ಮಾತು ಮೂರೋ ನಾಲ್ಕೋ. ಹಾಡುಗಳೆಲ್ಲ ಸಿದ್ಧಾರ್ಥ ಕಟ್ಟಿದವು, ಇಲ್ಲಿಯದೇ ಮಾತಿನಲ್ಲಿ. ಹೊಡೆತಗಳೇನೂ ಕಷ್ಟದವಲ್ಲ. ಮಧ್ಯಾಹ್ನ ಎರಡಕ್ಕೆ ರೊಟ್ಟಿ, ಪುಂಡಿಪಲ್ಯ ತಿಂದು, ಕೂಲರಿನ ಮುಂದೆ ಕಾಲು ಚಾಚಿ ಒಂದು ನಿದ್ದೆ ತೆಗೆದೆ.

ಆ ಸಂಜೆಯ ಕಾರ್ಯಕ್ರಮ ಸಿದ್ಧಾರ್ಥನ ಸೋದರಸಂಬಂಧಿಯ ಮದುವೆಯ ಆರತಕ್ಷತೆ, ನೂರಿನ್ನೂರು ಜನ. ಮೊದಲೆರಡು ಹಾಡು ಚೆನ್ನಾಗಿಯೇ ಹೋದವು. ಮೂರನೆಯದರ ನಡುವೆ ಸಿದ್ಧಾರ್ಥ ಹಾಡು ನಿಲ್ಲಿಸಿ, ಅದುವರೆಗೆ ಹಾಡಿನಡಿಗೆ ಹಿಡಿದಿದ್ದ ಮೇಳದ ಸ್ವರಗಳನ್ನೂ, ಅಂದರೆ ಕಾರ್ಡುಗಳನ್ನೂ ಬಿಟ್ಟು, ಗಿಟಾರಿನ ಕೆಳತುದಿಗೆ ಬೆರಳು ಇಳಿಸಿ ಒಬ್ಬನೇ ಬಾರಿಸುತ್ತ ಹೊರಟ. ನಾನು ಮೂವತ್ತು ವರ್ಷದ ಅಭ್ಯಾಸದಂತೆ ನಡೆದುಕೊಂಡೆ. ಮುಖ್ಯ ಕಲಾವಿದರು ತಾನ್ ಹಾಡಲು ಹೊರಟರೆ ತಬಲಾದವಳು ದನಿ ತಗ್ಗಿಸಿ, ಬರಿಯ ತಾಳದ ಠೇಕಾ ಹಿಡಿದು, ಅವರಿಗೆ ದಾರಿ ಬಿಡಬೇಕು. ಅದು ನಮ್ಮಲ್ಲಿ ಮರ್ಯಾದೆ. ನಾನು ಕಡ್ಡಿಯನ್ನು ತುದಿಬೆರಳಲ್ಲಿ ಹಿಡಿದು ಮೆತ್ತಗೆ ತಟ್ಟುತ್ತ, ಅವನು ಯಾವಾಗ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬರುತ್ತಾನೋ ಎಂದು ಮುಖ ನೋಡುತ್ತ ಕೂತೆ. ಪೆಂಡಾಲೇ ಖಾಲಿಯಾದಂತಾಯಿತು. ಮೇಲೆ ಎಲ್ಲೋ ಒಂದು ಗಿಟಾರು ಕಿರುಚುತ್ತಿದೆ, ಕೆಳಗೆ ಬೀರಣ್ಣ ಒಬ್ಬನೇ ಹೊರುತ್ತಿದ್ದಾನೆ, ನಡುವೆ ಏನೂ ಇಲ್ಲ. ಮುಂದಿನ ಸಾಲಿನವರು ಎದ್ದು ಊಟದ ಕಡೆ ನಡೆದರು. ಬೀರಣ್ಣ ತಿರುಗಿ ನನ್ನನ್ನೇ ನೋಡಿದ. ನನಗೆ ಅವನ ಮೇಲೆ ಉರಿದುಹೋಯಿತು.

ಊಟಕ್ಕೆ ಕೂತಾಗ ಸಿದ್ಧಾರ್ಥನದು ಬರೀ ಗುರುಭಕ್ತಿ. ತಪ್ಪೇನಾಯಿತು ಹೇಳು ಅಂದರೆ ಹುಗ್ಗಿ ಬಡಿಸಲೇನ್ರಿ ಅನ್ನುತ್ತಿದ್ದ. ಕಡೆಗೆ ಬೀರಣ್ಣನೇ ಹೇಳಿದ.

“ಅಕ್ಕೋರೆ, ನಾವು ಮೂರು ಮಂದಿ ಕುರಿ ಹೊಡಕೊಂಡು ಹೋಗ್ತೇವ್ರಿ. ಒಬ್ಬಾಂವ ಮೇವು ನೋಡ್ಲಕ್ಕ ಮುಂದ ಹೋದ ಅಂದ್ರ ಉಳಿದ ಇಬ್ಬರು ಅವನ ದಾರಿ ನೋಡ್ಕೋತ ನಿಂದ್ರಂಗಿಲ್ಲ. ಅಗಲಾಗಿ ನಡದು ಅವನ ಬಾಜೂನೂ ತುಂಬಬೇಕು. ಇಲ್ಲಾಂದ್ರ ಹಿಂಡು ಒಡೀತದ್ರಿ.”

ನಾಚಿಕೆಯಾಯಿತು, ಯಾಕೆ ಸುಳ್ಳು ಹೇಳಲಿ. ನಮ್ಮ ಮೂವರಲ್ಲಿ ಒಬ್ಬರು ಯಜಮಾನರು, ಇಬ್ಬರು ಸಾಥಿಗೆ, ಪಕ್ಕವಾದ್ಯಕ್ಕೆ. ಸನಾದಿಯವರಲ್ಲೂ ಹಾಗೆಯೇ, ಒಬ್ಬ ಊದಿದರೆ ಇನ್ನೊಬ್ಬ ಶ್ರುತಿ ಹಿಡಿದು ನಿಲ್ಲುತ್ತಾನೆ. ಭಜನೆಯ ಮೂವರಲ್ಲಿ ಒಬ್ಬರ ದನಿ ಕಟ್ಟಿದರೆ ಉಳಿದವರು ಎಳೆದುಕೊಂಡು ಹೋಗುತ್ತಾರೆ. ಆರ್ಕೆಸ್ಟ್ರಾದಲ್ಲಿ ಡ್ರಮ್ ತಪ್ಪಿದರೆ ಮುಚ್ಚಲು ಢೋಲಕ್ ಇದೆ, ಕೀಬೋರ್ಡ್ ಇದೆ. ಈ ಮೂವರಲ್ಲಿ ಸಾಥಿಯವರೇ ಇಲ್ಲ. ಗಿಟಾರಿನವನು ಮೇಳ ಬಿಟ್ಟು ಹೊರಟ ಕ್ಷಣಕ್ಕೆ ಮೇಳವಾಗುವುದು ಬೇಸ್, ಗೋಡೆಯಾಗುವುದು ಡ್ರಮ್. ನಾನು ವಿನಯ ತೋರಿಸಲು ಹೋಗಿ ಗೋಡೆಯನ್ನೇ ಕೆಡವಿದ್ದೆ.

ಮರುದಿನ ಹತ್ತು ಗಂಟೆಗೆ ಸಾಮಾನುಗಳನ್ನು ಒಂದು ಕ್ರೂಸರ್ ಜೀಪಿನ ಮೇಲೆ ಕಟ್ಟಿಕೊಂಡು ಭಾಲ್ಕಿಗೆ ಹೊರಟೆವು. ನಲವತ್ತು ಕಿಲೋಮೀಟರು, ಒಂದು ತಾಸು, ಬೆಂಕಿಯಂಥ ಗಾಳಿ. ಮಂಗಲ ಕಾರ್ಯಾಲಯದಲ್ಲಿ ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಕೈ ತೊಳೆಯಲು ಒಬ್ಬೊಬ್ಬರಿಗೆ ಒಂದು ಲೋಟ ನೀರು ಎಂದು ಬಾಗಿಲಲ್ಲಿ ಒಬ್ಬರು ಹಿರಿಯರು ಕಾವಲು ಕೂತಿದ್ದರು. ನನ್ನ ಪಾಲಿನದನ್ನು ಕುಡಿದುಬಿಟ್ಟೆ. ಸಂಜೆ ಸಿದ್ಧಾರ್ಥ ಹಾಡು ಬಿಟ್ಟು ಹೊರಟಾಗ ನಾನು ಅವನ ಮುಖ ನೋಡಲೇ ಇಲ್ಲ. ಬೀರಣ್ಣನ ಬೆರಳು ನೋಡಿದೆ. ಡ್ರಮ್ಮಿನ ದೊಡ್ಡ ಸಿಂಬಲನ್ನು ಪೂರ್ತಿ ಮೊಳಗಲು ಬಿಟ್ಟು ಬಾರಿಸಿ, ಕಾಲಿನ ಹೊಡೆತವನ್ನು ಅವನ ಪ್ರತಿ ಸ್ವರದ ಕೆಳಗಿಟ್ಟೆ. ನಡುವಿನ ಬಯಲು ತುಂಬಿಬಿಟ್ಟಿತು. ಸಿದ್ಧಾರ್ಥ ಎಲ್ಲೆಲ್ಲೋ ಅಲೆದು ಬಂದ, ಬಂದಾಗ ನಾವು ಅಲ್ಲೇ ಇದ್ದೆವು. ಮೂವತ್ತು ವರ್ಷದಲ್ಲಿ ಯಾರ ಹಿಂದೆಯೂ ಅಲ್ಲದೆ ಬಾರಿಸಿದ್ದು ಅದೇ ಮೊದಲು. ಅಯ್ಯೋ, ಇದನ್ನು ಇಷ್ಟು ವರ್ಷ ಬಿಟ್ಟು ಕೂತಿದ್ದೆನಲ್ಲ ಎಂದುಕೊಂಡೆ.

ಸಾಮಾನು ಕಟ್ಟುವಾಗ ಸಿದ್ಧಾರ್ಥ ಪಕ್ಕಕ್ಕೆ ಕರೆದು, ನಾಳೆ ಮಾರುತಿಯಿಂದ ಆಗದಿದ್ದರೆ ನೀವೇ ಇರಬೇಕು, ಶನಿವಾರಕ್ಕೊಮ್ಮೆ ಬಂದರೆ ಸಾಕು ಎಂದ. ನೋಡೋಣ ಎಂದೆ. ಬಾಯಿಗೆ ನೋಡೋಣ, ಮನಸ್ಸಿನಲ್ಲಿ ಆಗಲೇ ಶನಿವಾರದ ಬಸ್ಸಿನ ವೇಳೆ ಲೆಕ್ಕ ಹಾಕುತ್ತಿದ್ದೆ.

ಮರುದಿನ ಬುದ್ಧಪೂರ್ಣಿಮೆ. ಭಾಲ್ಕಿಯಿಂದ ಔರಾದಿಗೆ ಐವತ್ತು ಕಿಲೋಮೀಟರಿನ ಹತ್ತಿರ. ದಾರಿಯ ಒಂದು ಹಳ್ಳಿಯ ಬಸ್ ಸ್ಟಾಪಿನಲ್ಲಿ ಗಂಟುಮೂಟೆ, ಸ್ಟವ್, ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಎರಡು ಕುಟುಂಬ ಹೈದರಾಬಾದಿನ ಬಸ್ ಕಾಯುತ್ತಿದ್ದವು. ಬೀರಣ್ಣ ಅವರಲ್ಲೊಬ್ಬರನ್ನು ಗುರುತಿಸಿ ಕೈ ಎತ್ತಿದ. ಔರಾದಿನ ಬುದ್ಧ ವಿಹಾರದ ಅಂಗಳದಲ್ಲಿ ಬಿಳಿ ಬಟ್ಟೆಯ ಜನ ಜಮಖಾನ ಹಾಸುತ್ತಿದ್ದರು. ಮೆಟ್ಟಿಲ ಮೇಲೆ ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದ. ನಮ್ಮ ಗಾಡಿ ನೋಡಿ ಎದ್ದ. ಮಾರುತಿ ಬಂದಿದ್ದ.

ಚಲೋ ಆಯಿತು ಬಂದದ್ದು ಎಂದೆ. ನನ್ನ ದನಿ ನನಗೇ ಚಲೋ ಕೇಳಲಿಲ್ಲ. ಅವನು ನಮಸ್ಕಾರ ಮಾಡಿದಾಗ ಅಂಗೈ ಕಂಡಿತು: ಸಿಮೆಂಟು ತಿಂದು ಒಡೆದ ಚರ್ಮ, ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಐದು ತಿಂಗಳಿಂದ ಕಡ್ಡಿ ಮುಟ್ಟಿಲ್ಲ ಎಂದು ಅವನೇ ಹೇಳಿದ. ನಾನು ಸ್ಟೂಲನ್ನು ಅವನ ಎತ್ತರಕ್ಕೆ ತಿರುಗಿಸಿಕೊಟ್ಟು, ಹೆಂಗಸರ ನಡುವೆ ಜಮಖಾನದ ಮೇಲೆ ಕೂತೆ.

ಆರು ಗಂಟೆ, ಬಿಸಿಲಿನ್ನೂ ಇಳಿದಿರಲಿಲ್ಲ. ಎರಡು ಹಾಡು ದಾಟಿದವು. ಮೂರನೆಯದು ಜೋರಿನದು, ಊರು ಬಿಟ್ಟು ಐದರ ಬಸ್ಸಿಗೆ ಓಡುವವರ ಹಾಡು. ನಡುವಿಗೆ ಬರುವಷ್ಟರಲ್ಲಿ ಮಾರುತಿಯ ಮಣಿಕಟ್ಟು ಬಿಗಿಯಿತು. ಹೊಡೆತ ಒಂದು ಕೂದಲೆಳೆ ಹಿಂದೆ ಬಿತ್ತು, ಆಮೇಲೆ ಎರಡು. ಮುಚ್ಚಲು ಅಲ್ಲಿ ಯಾರೂ ಇಲ್ಲ. ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿತು, ಅದೂ ಅವನದೇ ಸೀಮೆಯ ಜನರಿಗೆ. ಆ ಗಳಿಗೆಯಲ್ಲಿ ನಾನು ಬಯಸಿದ್ದು ಇದು: ಅವನ ಕೈ ನಿಲ್ಲಲಿ. ಬಯಸಿದೆ, ಒಪ್ಪಿಕೊಳ್ಳುತ್ತೇನೆ. ಚೀಲದೊಳಗೆ ಕಡ್ಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಕೈ ನಿಲ್ಲಲಿಲ್ಲ. ಬೀರಣ್ಣ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮಾರುತಿಯ ಮಣಿಕಟ್ಟನ್ನೇ ನೋಡುತ್ತ ತನ್ನ ಸ್ವರಗಳನ್ನು ಅರ್ಧ ಮಾಡಿದ. ಸಿದ್ಧಾರ್ಥ ತಾನೊಬ್ಬನೇ ಹೊರಡಬೇಕಾದ ಜಾಗ ಬಂತು. ಅವನು ಹೊರಡಲಿಲ್ಲ. ಮೇಳ ಹಿಡಿದು ಅಲ್ಲೇ ನಿಂತ. ಓಡುತ್ತಿದ್ದ ಹಾಡು ನಡೆಯಲು ಶುರುಮಾಡಿತು, ಆ ಒಡೆದ ಕೈಗೆ ಎಷ್ಟಾಗುತ್ತದೋ ಅಷ್ಟೇ ವೇಗದಲ್ಲಿ. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಹತ್ತು ಜನರ ಆರ್ಕೆಸ್ಟ್ರಾದಲ್ಲಿ ಒಬ್ಬನಿಗಾಗಿ ಹೀಗೆ ಹಾಡನ್ನೇ ಬದಲಿಸಲು ಆಗುವುದಿಲ್ಲ. ನನ್ನ ಪಕ್ಕದ ಅಜ್ಜಿಯೊಬ್ಬಳು ಮೊಣಕೈಯಿಂದ ತಿವಿದು, “ಈಗ ನೋಡವ್ವ, ಮಾತು ತಿಳಿಲಾಕತ್ತಾವ” ಎಂದಳು. ಹೌದು, ಊರು ಬಿಡುವವರ ಮಾತು ಈಗ ಒಂದೊಂದೂ ಕೇಳುತ್ತಿತ್ತು. ನನ್ನ ಕಣ್ಣು ತುಂಬಿದ್ದು ನಾಚಿಕೆಗೋ ಹಾಡಿಗೋ ಗೊತ್ತಿಲ್ಲ.

ಮುಗಿದ ಮೇಲೆ ಸಿದ್ಧಾರ್ಥ ನನ್ನ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. ನಿನ್ನೆಯ ಮಾತನ್ನು ಹೇಗೆ ಹಿಂದೆಗೆದುಕೊಳ್ಳುವುದೆಂದು ಅವನಿಗೆ ತಿಳಿಯದು, ಪಾಪ.

“ಜಾಗ ಖಾಲಿ ಇಲ್ಲಪ್ಪಾ,” ಎಂದೆ. “ಅದಕ್ಕ ಮತ್ತೊಬ್ಬರನ್ನ ಹುಡುಕಬ್ಯಾಡ. ಅಂವ ಬಂದಾಗ ಮೂರೂ ಮಂದಿ ಬಾರಿಸ್ರಿ.”

ಮರುದಿನ ಬೆಳಗ್ಗೆ ನಾನೂ ಮಾರುತಿಯೂ ಔರಾದಿನಿಂದ ಒಂದೇ ಬಸ್ಸಿಗೆ ಬೀದರಿಗೆ ಬಂದೆವು. ನನಗೆ ಕಲಬುರ್ಗಿಯ ಬಸ್, ಅವನಿಗೆ ಹೈದರಾಬಾದಿನದು. ಸ್ಟ್ಯಾಂಡಿನಲ್ಲಿ ಮುಕ್ಕಾಲು ತಾಸು ಕಾಯಬೇಕಿತ್ತು. ಮಂಡಕ್ಕಿಯ ಸುಶಲಾ ತಿಂದು, ಚಹಾ ಕುಡಿದು, ಡ್ರಮ್ ಇಲ್ಲದೆ ಮಣಿಕಟ್ಟು ಸಡಿಲ ಇಟ್ಟುಕೊಳ್ಳುವ ಪಾಠವೊಂದನ್ನು ಅವನ ತೊಡೆಯ ಮೇಲೆಯೇ ಬಾರಿಸಿ ತೋರಿಸಿದೆ. ಅವನು ಎರಡು ಸಲ ತಪ್ಪಿದ, ಎರಡು ಸಲವೂ ಬೈದೆ. ಕೆಲಸದ ಶೆಡ್ಡಿನಲ್ಲಿ ದಿನಾ ಮಾಡುತ್ತೇನೆ ಎಂದ. ಅಷ್ಟರಲ್ಲಿ ಅವನ ಬಸ್ ಬಂತು. ಕಿಟಕಿಯ ಬದಿಗೆ ಕೂತು ಹೊರಗೆ ಬಗ್ಗಿದ.

“ದೀಪಾವಳಿಗಿ ಬರ್ತೇನ್ರಿ ಅಕ್ಕೋರೆ. ಆ ಹಾಡು ಪೂರಾ ಜೋರಿನ್ಯಾಗ ಬಾರಿಸ್ತೇನಿ.”

“ಬಾರಿಸು. ಇಲ್ಲಾಂದ್ರ ನಿನ್ನ ಜಾಗದಾಗ ನಾ ಬಂದು ಕೂಡ್ತೇನಿ.”

ಅವನು ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ.