ಸೌದೆ ಡಿಪೋದಲ್ಲಿ ನನ್ನ ತೂಕ

ನಾನು ಚಿಕ್ಕವನಿದ್ದಾಗ ನಮ್ಮನ್ನು ಸೌದೆ ಡಿಪೋದಲ್ಲಿ ತೂಗುತ್ತಿದ್ದರು. ನಗಬೇಡಿ ಮಕ್ಕಳೇ, ಸುಳ್ಳಲ್ಲ! ಆಗ ಗ್ಯಾಸ್ ಒಲೆ ಎಲ್ಲರ ಮನೆಗೂ ಬಂದಿರಲಿಲ್ಲ. ಒಲೆಗೆ ಬೇಕಾದ ಸೌದೆ ಮಾರುವ ಡಿಪೋ ಬೀದಿಗೊಂದಾದರೂ ಇರುತ್ತಿತ್ತು. ಹಲಸೂರಿನಲ್ಲಿ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇದ್ದ ಮನೆಯ ಎದುರಿಗೇ ಅಂಥದೊಂದು ಡಿಪೋ ಇತ್ತು. ಒಳಗೆ ಕಾಲಿಟ್ಟರೆ ಸಾಕು, ಹಸಿ ಮರದ ವಾಸನೆ ಮೂಗಿಗೆ ಅಡರುತ್ತಿತ್ತು. ನಡುವೆ ಸರಪಳಿಯಿಂದ ಇಳಿಬಿಟ್ಟ ದೊಡ್ಡ ತಕ್ಕಡಿ. ಒಂದು ತಟ್ಟೆಯಲ್ಲಿ ಸೌದೆ, ಇನ್ನೊಂದರಲ್ಲಿ ಕಬ್ಬಿಣದ ತೂಕದ ಕಲ್ಲುಗಳು. ತಟ್ಟೆ ನೆಲದಿಂದ ಒಂದು ಗೇಣು ಮೇಲಿರುತ್ತಿತ್ತು, ಅಷ್ಟೇ.

ಅತ್ತೆಗೆ ಮಕ್ಕಳಿರಲಿಲ್ಲ. ಪ್ರತಿ ದಸರಾ ರಜೆಗೂ ಅಪ್ಪ ನನ್ನನ್ನೂ ನನ್ನ ಅಕ್ಕನನ್ನೂ ಕೆ.ಆರ್. ಪುರದ ಹತ್ತಿರದ ನಮ್ಮ ಕಾರ್ಖಾನೆ ಕಾಲೊನಿಯಿಂದ ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದರು. ಬಂದ ದಿನವೇ ಅತ್ತೆ ನಮ್ಮನ್ನು ಡಿಪೋಗೆ ಕರೆದುಕೊಂಡು ಹೋಗಿ ತಕ್ಕಡಿಯಲ್ಲಿ ಕೂರಿಸುತ್ತಿದ್ದರು. ಹೊರಡುವ ದಿನ ಮತ್ತೊಮ್ಮೆ. ಎರಡರ ನಡುವೆ ಎಷ್ಟು ಹೆಚ್ಚಾಯಿತೋ ಅದೇ ಅವರ ಹೆಮ್ಮೆ. ಅಪ್ಪ ಕರೆದೊಯ್ಯಲು ಬಂದಾಗ, "ಎರಡು ಕಿಲೋ ಜಾಸ್ತಿ ಮಾಡಿ ಕಳಿಸ್ತಾ ಇದೀನಿ, ನೋಡ್ಕೋ" ಎನ್ನುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು!

ನನಗೆ ಹನ್ನೆರಡು ತುಂಬಿದ ವರ್ಷ ಮಾತ್ರ ಎಡವಟ್ಟಾಯಿತು. ನಾನು ಶಾಲೆಯ ಕಬಡ್ಡಿ ತಂಡಕ್ಕೆ ಸೇರಿದ್ದೆ. ನಲವತ್ತು ಕಿಲೋ ಒಳಗಿನ ಹುಡುಗರ ತಂಡ. ನಾನಿದ್ದದ್ದು ಮೂವತ್ತೊಂಬತ್ತೂವರೆ. ರಜೆಗೆ ಬಿಡುವ ದಿನ ಪಿ.ಟಿ. ಮೇಷ್ಟ್ರು ನನ್ನನ್ನೇ ನೋಡುತ್ತಾ, "ಶಾಲೆ ತೆರೆದ ದಿನ ಬೆಳಿಗ್ಗೆ ತೂಕ ಇದೆ. ನಲವತ್ತು ದಾಟಿದವನು ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟಬೇಕು, ಅಷ್ಟೇ" ಎಂದಿದ್ದರು. ಆ ಮಾತು ಕೇಳಿ ನನಗೆ ಬಂದ ಚಿಂತೆ ಅಷ್ಟಿಷ್ಟಲ್ಲ. ನಾನು ಹೋಗುತ್ತಿದ್ದದ್ದು ಯಾರ ಮನೆಗೆ ಅಂತ ಮೇಷ್ಟ್ರಿಗೇನು ಗೊತ್ತು?

ಅತ್ತೆಗೆ ಈ ವಿಷಯ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಿದ್ದರೆ ಅವರ ಹಬ್ಬವೇ ಹಾಳಾಗುತ್ತಿತ್ತು. ದಿನಾ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಎದ್ದು ಹಲಸೂರು ಕೆರೆಯ ಕಡೆಗೆ ಓಡುತ್ತಿದ್ದೆ. ಅಲ್ಲಿ ಸಿಪಾಯಿಗಳು ಬೂಟು ಬಡಿಯುತ್ತಾ ಸಾಲಾಗಿ ಓಡುತ್ತಿದ್ದರು. ಅವರ ಹಿಂದೆ ನಾನೂ ಬರಿಗಾಲಿನಲ್ಲಿ ಏದುಸಿರು ಬಿಡುತ್ತಾ ಓಡುತ್ತಿದ್ದೆ. ಬೆಳಗಿನ ಕಥೆ ಹೀಗಾದರೆ ಸಂಜೆಯದು ಇನ್ನೂ ಕಷ್ಟ. ನವರಾತ್ರಿಯ ಬೊಂಬೆ ನೋಡಲು ಮನೆಮನೆಗೆ ಹೋಗಬೇಕು. ಒಂದೊಂದು ಮನೆಯಲ್ಲೂ ಒಗ್ಗರಣೆಯ ಘಮ, ಕಾಯಿತುರಿ ಉದುರಿಸಿದ ಕಡಲೆ ಉಸ್ಲಿ, ರವೆ ಉಂಡೆ, ಕೊಬ್ಬರಿ ಮಿಠಾಯಿ. ಬಾಯಲ್ಲಿ ನೀರೂರುತ್ತಿತ್ತು. ನನ್ನ ಪಾಲಿನದನ್ನು ಅತ್ತೆಯ ಕಣ್ಣು ತಪ್ಪಿಸಿ ಅಕ್ಕನ ಕೈಗೆ ದಾಟಿಸುತ್ತಿದ್ದೆ. ಅಕ್ಕ ತುಂಬ ಒಳ್ಳೆಯವಳು, ಒಂದು ದಿನವೂ ಬೇಡ ಎನ್ನಲಿಲ್ಲ!

ರಜೆಯ ಕೊನೆಯ ದಿನ ಬಂತು. ಮರುದಿನವೇ ಶಾಲೆ. ಬೆಳಿಗ್ಗೆ ಅತ್ತೆ ನಮ್ಮಿಬ್ಬರಿಗೂ ತಲೆ ಬಾಚಿ ಡಿಪೋಗೆ ಕರೆದೊಯ್ದರು. ಡಿಪೋ ನಡೆಸುತ್ತಿದ್ದವರನ್ನು ನಾವು ಡಿಪೋ ಮಾಮ ಎನ್ನುತ್ತಿದ್ದೆವು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಹಣೆಯ ಮೇಲೆ ಅಗಲವಾದ ವಿಭೂತಿ. ನನ್ನನ್ನು ತಟ್ಟೆಯಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು, ಕಲ್ಲುಗಳನ್ನು ಒಂದೊಂದಾಗಿ ಇಟ್ಟರು. "ನಲವತ್ತೊಂದೂವರೆ!" ಎಂದು ಕೂಗಿದರು.

ಅಷ್ಟು ಓಡಿ, ಅಷ್ಟು ಬಾಯಿ ಕಟ್ಟಿ, ಎರಡು ಕಿಲೋ ಹೆಚ್ಚಿಗೆಯೇ? ಅತ್ತೆ ನನ್ನ ಕೆನ್ನೆ ಹಿಂಡಿ, ಸೌದೆ ಕೊಳ್ಳಲು ಬಂದವರಿಗೆಲ್ಲ ನನ್ನನ್ನು ತೋರಿಸಿ ತೋರಿಸಿ ಖುಷಿಪಟ್ಟರು. ನಾನು ತಕ್ಕಡಿಯಿಂದ ಇಳಿದವನೇ ಕೆರೆಗೆ ಓಟ ಕಿತ್ತೆ. ಒಂದೇ ಬೆಳಿಗ್ಗೆ ಒಂದೂವರೆ ಕಿಲೋ ಇಳಿಸುವ ಹುಚ್ಚು! ಬಿಸಿಲು ನೆತ್ತಿಗೆ ಬರುವವರೆಗೆ ಓಡಿದೆ. ಪಕ್ಕೆ ಹಿಡಿದುಕೊಂಡಿತು, ಕಣ್ಣಿಗೆ ಕತ್ತಲೆ ಕವಿಯಿತು. ಅಂಥ ದಡ್ಡತನ ನೀವ್ಯಾರೂ ಮಾಡಬೇಡಿ.

ಮನೆಗೆ ಬಂದರೆ ಎಲೆಯ ಮೇಲೆ ಬಿಸಿ ಒಬ್ಬಟ್ಟು, ಮೇಲೆ ಧಾರಾಳ ತುಪ್ಪ. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಬೇಡ ಎಂದೆ. ಅತ್ತೆ ಹಣೆ ಮುಟ್ಟಿ ನೋಡಿದರು, ಜ್ವರವಿಲ್ಲ. "ಅಯ್ಯೋ, ಡಿಪೋದಲ್ಲಿ ಅಷ್ಟು ಜನ ನೋಡಿದ್ರಲ್ಲ, ದೃಷ್ಟಿ ತಾಕಿದೆ ಮಗೂಗೆ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮೂವರೂ ಕೆಮ್ಮಿದೆವು. ನಾನು ಕೆಮ್ಮುತ್ತಾ ಕೆಮ್ಮುತ್ತಾ ಅಳತೊಡಗಿದೆ. ಅಕ್ಕನಿಗೆ ತಡೆಯಲಾಗಲಿಲ್ಲ. "ದೃಷ್ಟಿನೂ ಇಲ್ಲ, ಗಿಷ್ಟಿನೂ ಇಲ್ಲ ಅತ್ತೆ. ನಲವತ್ತು ಕಿಲೋ ದಾಟಿದ್ರೆ ಇವನನ್ನ ಕಬಡ್ಡಿ ಟೀಮಿಂದ ತೆಗೆದ್ಹಾಕ್ತಾರೆ" ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತೆ ಕುಕ್ಕರಗಾಲಿನಲ್ಲಿ ಒಲೆಯ ಮುಂದೆ ಕೂತವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಂಗ್ಯಾಕೋ ಹೇಳ್ಲಿಲ್ಲ, ಕಂದ?" ಎಂದರು. ಸೆರಗಿನಿಂದ ನನ್ನ ಮುಖ ಒರೆಸಿ, ಕೈ ಹಿಡಿದು, ಬಿರಬಿರನೆ ಮತ್ತೆ ಡಿಪೋಗೆ ನಡೆದರು.

"ರೀ, ಇನ್ನೊಂದ್ಸಲ ತೂಗಿ. ಸರಿಯಾಗಿ ತೂಗಿ. ಹುಡುಗನ ಆಟ ಹೋಗತ್ತೆ" ಎಂದರು. ಡಿಪೋ ಮಾಮ ಒಮ್ಮೆ ಅತ್ತೆಯನ್ನು ನೋಡಿದರು, ಒಮ್ಮೆ ನನ್ನ ಕೆಂಪಾದ ಕಣ್ಣುಗಳನ್ನು ನೋಡಿದರು. ಆಮೇಲೆ "ಕಡವುಳೇ" ಎಂದು ದೇವರನ್ನು ನೆನೆದು ತಲೆ ಕೆರೆದುಕೊಂಡರು. "ಅಮ್ಮಾ, ಬೈಬೇಡಿ. ನನ್ನ ಸೌದೆ ತೂಕದಲ್ಲಿ ಒಂದು ಚೂರೂ ಮೋಸ ಇಲ್ಲ. ಈ ಹುಡುಗನ ತೂಕದಲ್ಲಿ ಮಾತ್ರ..."

ವಿಷಯ ಇಷ್ಟೇ. ನಾವು ಹೊರಡುವ ದಿನ ತೂಗುವಾಗ ಡಿಪೋ ಮಾಮ ನನ್ನ ಹಿಂದೆ ನಿಂತು, ಕಾಲಿನ ಹೆಬ್ಬೆರಳಿನಿಂದ ತಟ್ಟೆಯ ಅಂಚನ್ನು ಮೆತ್ತಗೆ ಅದುಮುತ್ತಿದ್ದರಂತೆ. ಪ್ರತಿ ವರ್ಷವೂ! "ಮೊದಲನೇ ವರ್ಷ ಇವನ ತೂಕ ಒಂದಿಷ್ಟೂ ಏರಿರಲಿಲ್ಲಮ್ಮಾ. ನೀವು ಮುಖ ಸಣ್ಣ ಮಾಡ್ಕೊಂಡು ಹೋದ್ರಿ. ಎರಡು ದಿನ ಸೌದೆಗೂ ಬರ್ಲಿಲ್ಲ. ನಂಗೆ ನೋಡಕ್ಕಾಗ್ಲಿಲ್ಲ" ಎಂದರು. ಹಿಂದೆಯೇ ಬಂದು ನಿಂತಿದ್ದ ಅಕ್ಕನನ್ನು ತೋರಿಸಿ, "ಈ ಪಾಪುಗೆ ಮಾತ್ರ ಈ ವರ್ಷ ಬೆರಳೇ ಬೇಕಾಗ್ಲಿಲ್ಲ" ಎಂದೂ ಸೇರಿಸಿದರು. ಅಕ್ಕ ಸೌದೆ ರಾಶಿಯ ಹಿಂದೆ ಅಡಗಿದಳು.

ಈ ಸಲ ಅವರು ನಾಲ್ಕು ಮಾರು ದೂರ ನಿಂತರು. ಕಲ್ಲುಗಳನ್ನು ಅತ್ತೆಯೇ ಇಟ್ಟರು. ಮೂವತ್ತೊಂಬತ್ತೂಕಾಲು! ಅಬ್ಬ, ಹೋದ ಜೀವ ಬಂದ ಹಾಗಾಯಿತು. ನಾನು ತಟ್ಟೆಯಲ್ಲಿ ಕೂತೇ ಕುಣಿದೆ, ಸರಪಳಿಯೆಲ್ಲ ಗಲಗಲ ಎಂದಿತು. ಆಗಲೇ ಅತ್ತೆಯ ಕಣ್ಣು ತುಂಬಿದ್ದು ಕಂಡಿತು. ಅಷ್ಟು ವರ್ಷ ಬೀದಿಗೆಲ್ಲ ಹೇಳಿಕೊಂಡ ಕಿಲೋಗಳು ಒಂದೂ ನಿಜವಲ್ಲ ಎಂದು ಅವರಿಗೆ ಗೊತ್ತಾಗಿಹೋಗಿತ್ತು. ನನಗೆ ಕುಣಿಯಲೂ ನಾಚಿಕೆಯಾಯಿತು. ಅತ್ತೆ ಮೂಗು ಸೀಟಿ, "ಹೋಗ್ಲಿ ಬಿಡಿ, ನನ್ನ ಕೈಯಡುಗೆ ಇವನ ಮೈಗೆ ಹತ್ತಲ್ಲ. ಆಟ ಉಳೀತಲ್ಲ, ಅಷ್ಟು ಸಾಕು ನಂಗೆ" ಎಂದರು. ಎರಡು ಹೆಜ್ಜೆ ನಡೆದವರು ನಿಂತು ಹಿಂದಿರುಗಿ ಕೇಳಿದರು: "ಹಾಗಾದ್ರೆ ಇನ್ನೂ ಮುಕ್ಕಾಲು ಕಿಲೋಗೆ ಜಾಗ ಇದೆ. ರೀ, ಒಂದು ಒಬ್ಬಟ್ಟು ಎಷ್ಟು ತೂಗತ್ತೆ?"

ಡಿಪೋ ಮಾಮ ಬಿದ್ದು ಬಿದ್ದು ನಕ್ಕರು. ಆ ಮಧ್ಯಾಹ್ನ ನಾನು ಒಂದು ಒಬ್ಬಟ್ಟನ್ನು ತುಪ್ಪವಿಲ್ಲದೆ ತಿಂದೆ. ಅತ್ತೆ ಪಕ್ಕದಲ್ಲೇ ಕೂತು, ಕೊನೆಯ ತುತ್ತಿನವರೆಗೂ ನೋಡಿದರು. ಮರುದಿನ ಶಾಲೆಯಲ್ಲಿ ಮೇಷ್ಟ್ರು ನನ್ನ ತೂಕ ನೋಡಿ "ಹ್ಞೂಂ, ಒಳಗೆ ನಡಿ" ಎಂದರು. ಆ ಮಾತು ಕೇಳಿದಾಗ ಆದ ನೆಮ್ಮದಿ ಆಮೇಲೆ ಪಂದ್ಯ ಗೆದ್ದಾಗಲೂ ಆಗಲಿಲ್ಲ.

ಈಗ ನನ್ನ ಮೊಮ್ಮಕ್ಕಳು ಸಿ.ವಿ. ರಾಮನ್ ನಗರದಲ್ಲಿದ್ದಾರೆ. ಅವರ ಕೋಣೆಯಲ್ಲಿ ಗಾಜಿನ ತೂಕದ ಯಂತ್ರವಿದೆ, ಹತ್ತಿ ನಿಂತರೆ ಗ್ರಾಂ ಸಮೇತ ಹೇಳುತ್ತದೆ. ದೊಡ್ಡವಳು ಟೇಕ್ವಾಂಡೋ ಕಲಿಯುತ್ತಾಳೆ. ರಜೆಯಲ್ಲೂ ಎಷ್ಟು ಓಡಿದೆ, ಏನು ತಿಂದೆ ಎಂದು ಫೋನಿನಲ್ಲಿ ಬರೆದು ಕೋಚಿಗೆ ಕಳಿಸುತ್ತಾಳೆ. ಬೇಕಾದ್ದನ್ನು ಬೇಕು, ಬೇಡದ್ದನ್ನು ಬೇಡ ಎಂದು ಎದುರಿಗೇ ಹೇಳುತ್ತಾಳೆ. ನನಗೆ ಅವಳ ವಯಸ್ಸಿನಲ್ಲಿ ಅಷ್ಟು ಬಾಯಿರಲಿಲ್ಲ.

ಈ ಕ್ರಿಸ್‌ಮಸ್ ರಜೆಯಲ್ಲಿ ಅವಳು ನಮ್ಮ ಮನೆಗೆ ಬಂದಳು. ನಾನೇ ಬೆಲ್ಲದ ಪಾಕ ತೆಗೆದು, ಕೈ ಸುಟ್ಟುಕೊಂಡು, ಕಜ್ಜಾಯ ಕರಿದೆ. ತಟ್ಟೆ ಮುಂದಿಟ್ಟರೆ, "ಬೇಡ ತಾತ, ಸ್ಯಾಟರ್ಡೇ ವೇಟ್ ಚೆಕ್ ಇದೆ" ಎಂದು ನಯವಾಗಿ ಪಕ್ಕಕ್ಕೆ ಸರಿಸಿದಳು. ಅವಳದೇನೂ ತಪ್ಪಿಲ್ಲ. ಆದರೂ ನನಗೆ ಎಂಥ ಸಂಕಟವಾಯಿತು ಗೊತ್ತೇ! ಅತ್ತೆ ಅವತ್ತು ಏನನ್ನು ನುಂಗಿಕೊಂಡು ಆ ಒಬ್ಬಟ್ಟಿನ ಮಾತಾಡಿದ್ದರು ಎನ್ನುವುದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೊರಟೆ.

ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು. "ತಾತ, ಎಲ್ಲಾ ನೀನೇ ಖಾಲಿ ಮಾಡ್ಬಿಡ್ಬೇಡ! ಸಂಡೇಗೆ ನಂಗೆ ನಾಲ್ಕು ಎತ್ತಿಡು."

ಅಬ್ಬ! ನಾಲ್ಕಲ್ಲ, ಎಂಟು ಎತ್ತಿಟ್ಟೆ.