ಬೆಕ್ಕಿನ ಜ್ವರಕ್ಕೆ ಹೊತ್ತಿದ ಬಚ್ಚಲೊಲೆ

ಸ್ನೇಹಿತರೇ, ಮನೆಯಲ್ಲಿ ಬೆಕ್ಕಿರುವವರು ಇದನ್ನು ಓದಲೇಬೇಕು.

ಇವತ್ತು ಬೆಳಗ್ಗೆ ಜ್ವರದ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ನಾನೂ ಅಮ್ಮನೂ ಮೂಡಿಗೆರೆಯ ಪಶುವೈದ್ಯರ ಹತ್ತಿರ ಹೋಗಿದ್ದೆವು. "ಅರ್ಧ ಪ್ಯಾರಸಿಟಮಾಲ್ ಹಾಲಲ್ಲಿ ಅರೆದು ಕೊಡೋಣ ಅಂದ್ರೆ ಇವಳು ಬಿಡ್ಲಿಲ್ಲ ಡಾಕ್ಟ್ರೇ," ಎಂದು ಅಮ್ಮ ದೂರು ಹೇಳಿದಳು. ನಮ್ಮ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೂ ಆಳುಗಳಿಗೂ ನಮಗೂ ಯಾವ ಜ್ವರ ಬಂದರೂ ಅದೇ ಮಾತ್ರೆ ಕೊಟ್ಟು ಅಭ್ಯಾಸ.

ಡಾಕ್ಟರು ಬೆಚ್ಚಿಬಿದ್ದರು. "ಅಯ್ಯೋ ಅಮ್ಮ, ಅದು ಬೆಕ್ಕಿಗೆ ವಿಷ! ಜೀವಾನೇ ಹೋಗ್ತಿತ್ತು." ಬೆನ್ನಿನ ರೋಮ ಸರಿಸಿ, ಬೇರೆ ಬೆಕ್ಕಿನ ಜೊತೆ ಜಗಳದಲ್ಲಿ ಕಚ್ಚಿಸಿಕೊಂಡ ಗಾಯ ತೋರಿಸಿದರು. "ಒಂದೊಂದು ಜ್ವರಕ್ಕೆ ಒಂದೊಂದು ಚಿಕಿತ್ಸೆ. ನೀರೂ ಕುಡೀದೆ ಮಲಗಿದ್ರೆ ಡ್ರಿಪ್ ಹಾಕ್ಬೇಕಿತ್ತು. ಇದಕ್ಕೆ ಕೀವು ತೆಗೆದು ಇಂಜೆಕ್ಷನ್ ಕೊಡ್ತೀನಿ. ಮನೇಲಿ ಬೆಚ್ಚಗೆ ಮಲಗ್ಸಿ."

ಕೊನೆಯ ಮಾತಿಗೆ ಅಮ್ಮನ ಮುಖ ಅರಳಿತು. "ನೋಡೇ, ನಿನ್ನಜ್ಜಿನೂ ಹುಷಾರಿಲ್ಲದ ಬೆಕ್ಕನ್ನ ಬಚ್ಚಲೊಲೆ ಹತ್ರ ಮಲಗಿಸ್ತಿದ್ರು!"

ಗೀಸರ್ ಬಂದ ಮೇಲೆ ನಮ್ಮ ಬಚ್ಚಲೊಲೆ ಹೊತ್ತಿರಲೇ ಇಲ್ಲ. ಮನೆಗೆ ಬಂದವರೇ ಅದರೊಳಗೆ ತುರುಕಿದ್ದ ಖಾಲಿ ಡಬ್ಬಗಳನ್ನು ಎಳೆದುಹಾಕಿ, ಹಳೇ ಕಾಫಿ ಗಿಡದ ಬೊಡ್ಡೆ ಇಟ್ಟು ಬೆಂಕಿ ಮಾಡಿದೆವು. ಅದೇ ಹೊಗೆ, ಅದೇ ವಾಸನೆ. ಅಜ್ಜಿ ಕೆಂಡದಿಂದ ಸುಟ್ಟ ಹಲಸಿನ ಬೀಜ ಹೊರಗೆಳೆದು, ಊದಿ, ನನ್ನ ಕೈಗೆ ಹಾಕುತ್ತಿದ್ದದ್ದು ನೆನಪಾಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಳಗೆ ಹೋಗಿ, ಒಂದು ಹಿಡಿ ಹಲಸಿನ ಬೀಜ ತಂದು ಕೆಂಡಕ್ಕೆ ಹಾಕಿದಳು.

ಈಗ ಸಂಜೆ. ಒಲೆಯ ಆ ಕಡೆ ಅಮ್ಮ, ಈ ಕಡೆ ನಾನು, ಇಬ್ಬರಿಗೂ ಏಳುವ ಮನಸ್ಸಿಲ್ಲ. ರೋಗಿ ಮಾತ್ರ ಹೊಗೆಗೆ ಒಂದು ಸಲ ಸೀನಿ, ಒಳಗೆ ಹೋಗಿ, ಬೆಚ್ಚಗಿರುವ ಇನ್ವರ್ಟರ್ ಮೇಲೆ ಮಲಗಿದ್ದಾರೆ.